ಚಿತ್ರ ನೋಡಿ ಮತ್ತೆ ಕಟ್ಟಿದ ಊರು: ವಾರ್ಸಾದಲ್ಲಿ ಒಂದು ದಿನ



ಬೇಸಿಗೆ ರಜೆ ಹತ್ತಿರ ಬಂತೆಂದರೆ ಮುಂಬಯಿ, ಪುಣೆ, ಚೆನ್ನೈ, ದೆಹಲಿ ಎಲ್ಲ ಕಡೆಯ ನಮ್ಮ ಕನ್ನಡ ಬಳಗಗಳಲ್ಲೂ ಒಂದು ಮಾತು ಶುರುವಾಗುತ್ತದೆ: "ಈ ಸಲ ಯೂರೋಪ್ ಟೂರ್ ಯಾವುದು ಒಳ್ಳೆಯದು?" ಪ್ಯಾರಿಸ್, ರೋಮ್, ಸ್ವಿಟ್ಜರ್ಲೆಂಡ್ ನೋಡಿ ಮುಗಿಸಿದವರು ಈಗ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಕಡೆ ಹೊರಡುತ್ತಾರೆ. ಆ ಪಟ್ಟಿಯಲ್ಲಿ ಕೆಲವೊಮ್ಮೆ ಪೋಲೆಂಡಿನ ರಾಜಧಾನಿ ವಾರ್ಸಾ ಕೂಡ ಇರುತ್ತದೆ. ಅದರ ಪಾಲಿಗೆ ಸಿಗುವುದು ಸಾಮಾನ್ಯವಾಗಿ ಒಂದೇ ದಿನ. ಬೆಳಿಗ್ಗೆ ಹೋಟೆಲಿನಲ್ಲಿ ತಿಂಡಿ, ಆಮೇಲೆ ಬಸ್ಸು, ಕೊಡೆ ಎತ್ತಿ ಹಿಡಿದ ಗೈಡಿನ ಹಿಂದೆ ಮೂವತ್ತು ನಲವತ್ತು ಜನರ ಸಾಲು, ಸಂಜೆಗೆ ಮತ್ತೆ ಬಸ್ಸು.

ಆ ಒಂದು ದಿನ ನಿಮ್ಮ ಪಾಲಿಗೆ ಬಂದರೆ ಏನು ನೋಡಬೇಕು, ನೋಡುತ್ತಾ ಏನು ಕೇಳಬೇಕು ಎಂದು ಹೇಳುವುದಕ್ಕೆ ಈ ಲೇಖನ. ಯಾಕೆಂದರೆ ವಾರ್ಸಾ ಬೇರೆ ರಾಜಧಾನಿಗಳ ಹಾಗಲ್ಲ. ಅಲ್ಲಿ "ಹಳೇ ಪಟ್ಟಣ" ಎಂದು ಕರೆಯುವ ಭಾಗದಲ್ಲಿ ನೀವು ನೋಡುವ ಹೆಚ್ಚುಕಡಿಮೆ ಪ್ರತಿಯೊಂದು ಮನೆಯೂ 1945ರ ನಂತರ ಕಟ್ಟಿದ್ದು. ನಮ್ಮ ಅನೇಕ ಕೇಳುಗರಿಗಿಂತ ಆ ಮನೆಗಳ ವಯಸ್ಸು ಕಡಿಮೆ! ಹೀಗಿದ್ದೂ 1980ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಸದಾಗಿ ಕಟ್ಟಿದ ಊರು ಪರಂಪರೆ ಆಗುವುದು ಹೇಗೆ? ಕಟ್ಟುವಾಗ ಯಾವ ಹಳೆಯದನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು? ಬನ್ನಿ, ಗೈಡಿನ ಜೊತೆಗೆ ನಾವೂ ಹೆಜ್ಜೆ ಹಾಕೋಣ.

ಕಂಬ ಮತ್ತು ಗಡಿಯಾರ

ಎಲ್ಲ ಗುಂಪುಗಳೂ ಮೊದಲು ನಿಲ್ಲುವುದು ಅರಮನೆ ಚೌಕದಲ್ಲಿ. ನಡುವೆ ಎತ್ತರದ ಕಂಬ, ಅದರ ಮೇಲೆ ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಕತ್ತಿ ಹಿಡಿದ ರಾಜ. ಆತ ಮೂರನೆಯ ಸಿಗಿಸ್ಮಂಡ್. 16ನೇ ಶತಮಾನದ ಕೊನೆಯ ಹೊತ್ತಿಗೆ ಪೋಲೆಂಡಿನ ರಾಜಪೀಠ ಕ್ರಾಕುಫ್ ನಗರದಿಂದ ವಾರ್ಸಾಗೆ ಬಂದದ್ದು ಈತನ ಕಾಲದಲ್ಲಿ. ಈತನ ಮಗ 1644ರಲ್ಲಿ ಈ ಕಂಬ ನಿಲ್ಲಿಸಿದ. 1944ರ ಸೆಪ್ಟೆಂಬರಿನಲ್ಲಿ ಅದು ಗುಂಡೇಟಿಗೆ ಉರುಳಿಬಿತ್ತು. 1949ರಲ್ಲಿ ಹೊಸ ಕಂಬ ಎದ್ದಿತು. ಹಳೆಯ ಕಂಬದ ಕಲ್ಲುಗಳು ಅರಮನೆಯ ಪಕ್ಕದಲ್ಲೇ ಹುಲ್ಲಿನ ಮೇಲೆ ಮಲಗಿವೆ. ಗುಂಪಿನವರೆಲ್ಲ ಮೇಲೆ ನೋಡಿ ಫೋಟೋ ತೆಗೆಯುತ್ತಿರುವಾಗ ನೀವು ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ಆ ಕಲ್ಲುಗಳನ್ನು ನೋಡಿ ಬನ್ನಿ.

ಕಂಬದ ಎದುರಿಗೆ ಇಟ್ಟಿಗೆ ಬಣ್ಣದ ಗೋಡೆಗಳ ಅರಮನೆ. ಯೂರೋಪಿನಲ್ಲೇ ಮೊದಲ ಆಧುನಿಕ ಲಿಖಿತ ಸಂವಿಧಾನಕ್ಕೆ 1791ರ ಮೇ 3ರಂದು ಒಪ್ಪಿಗೆ ಸಿಕ್ಕಿದ್ದು ಈ ಅರಮನೆಯಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ, 1795ರಲ್ಲಿ, ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಸೇರಿ ಪೋಲೆಂಡನ್ನು ಪೂರ್ತಿ ಹಂಚಿಕೊಂಡರು. ಆಮೇಲೆ 123 ವರ್ಷ, ಅಂದರೆ 1918ರವರೆಗೆ, ಭೂಪಟದಲ್ಲಿ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅರಮನೆಯ ಗೋಪುರದ ಗಡಿಯಾರಕ್ಕೂ ಒಂದು ಕಥೆಯಿದೆ. 1939ರ ಸೆಪ್ಟೆಂಬರ್ 17ರಂದು ಜರ್ಮನ್ ದಾಳಿಯಿಂದ ಅರಮನೆಗೆ ಬೆಂಕಿ ಬಿತ್ತು. ಗಡಿಯಾರದ ಮುಳ್ಳು 11 ಗಂಟೆ 15 ನಿಮಿಷಕ್ಕೆ ನಿಂತಿತು. ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕ ಸ್ಟಾನಿಸ್ವಾವ್ ಲೊರೆಂಟ್ಸ್ ಮತ್ತು ಅವರ ಸಂಗಡಿಗರು ಜೀವದ ಹಂಗು ತೊರೆದು ಅರಮನೆಯಿಂದ ಚಿತ್ರಗಳು, ಬಾಗಿಲುಗಳು, ಅಲಂಕಾರದ ಕೆತ್ತನೆಗಳು, ಹೀಗೆ ಸಿಕ್ಕಿದ್ದನ್ನೆಲ್ಲ ಸಾಗಿಸಿದರು. ಜರ್ಮನರು ಗೋಡೆಗಳಲ್ಲಿ ಸಿಡಿಮದ್ದು ತುಂಬಲು ತೂತು ಕೊರೆಸಿದರು. ಐದು ವರ್ಷ ಆ ತೂತುಗಳು ಹಾಗೆಯೇ ಬಾಯಿ ತೆರೆದುಕೊಂಡು ಕಾದಿದ್ದವು. 1944ರಲ್ಲಿ ಅರಮನೆಯನ್ನು ಸಿಡಿಸಿ ನೆಲಸಮ ಮಾಡಿದರು.

ಮತ್ತೆ ಕಟ್ಟುವ ತೀರ್ಮಾನ ಆದದ್ದು 1971ರಲ್ಲಿ. ಹಣದ ದೊಡ್ಡ ಪಾಲು ಜನರ ಕಾಣಿಕೆಯಿಂದಲೇ ಬಂತು. ಹೊರದೇಶಗಳಲ್ಲಿ ನೆಲೆಸಿದ ಪೋಲಿಷ್ ಜನರೂ ಕಳಿಸಿದರು. ಹೊಸ ಗೋಪುರದ ಗಡಿಯಾರ 1974ರ ಜುಲೈ 19ರಂದು ಮತ್ತೆ ಓಡತೊಡಗಿತು. ಯಾವ ಹೊತ್ತಿಗೆ ಗೊತ್ತೇ? ಸರಿಯಾಗಿ 11 ಗಂಟೆ 15 ನಿಮಿಷಕ್ಕೆ. ಒಳಗಿನ ಕೆಲಸ ಮುಗಿದು ಅರಮನೆ ಜನರಿಗೆ ತೆರೆದುಕೊಂಡದ್ದು 1984ರಲ್ಲಿ. ಒಳಗೆ ಹೋದಾಗ ಗೋಡೆಯ ಕಲ್ಲುಗಳನ್ನು ಹತ್ತಿರದಿಂದ ನೋಡಿ. ಹೊಸ ಕೆಲಸದ ನಡುವೆ ಅಲ್ಲಲ್ಲಿ ಹಳೆಯ ಕೆತ್ತನೆಯ ತುಂಡುಗಳನ್ನು ಅವು ಇದ್ದ ಜಾಗಕ್ಕೇ ಸೇರಿಸಿದ್ದಾರೆ.

ವೆನಿಸ್ಸಿನಿಂದ ಬಂದ ಚಿತ್ರಕಾರ

ಅರಮನೆಯೊಳಗೆ ಒಂದು ಕೋಣೆಗೆ ಕನಲೆಟ್ಟೊ ಕೋಣೆ ಎಂದು ಹೆಸರು. ಗೈಡ್ ಇಲ್ಲಿ ಹೆಚ್ಚು ಹೊತ್ತು ನಿಲ್ಲಿಸದಿದ್ದರೆ ನೀವೇ ಐದು ನಿಮಿಷ ಕೇಳಿಕೊಳ್ಳಿ. ಗೋಡೆಯ ತುಂಬ 18ನೇ ಶತಮಾನದ ವಾರ್ಸಾದ ಬೀದಿಗಳು, ಅರಮನೆಗಳು, ಚರ್ಚುಗಳು. ಕುದುರೆಗಾಡಿ, ಸಂತೆಗೆ ಬಂದ ಹೆಂಗಸರು, ಭಿಕ್ಷುಕರು, ನಾಯಿಗಳು, ಮನೆಗೆ ಗಾರೆ ಬಳಿಯುವವರು, ಎಲ್ಲರೂ ಇದ್ದಾರೆ.

ಇವನ್ನು ಬರೆದವನು ಬೆರ್ನಾರ್ಡೊ ಬೆಲ್ಲೊಟ್ಟೊ. 1722ರಲ್ಲಿ ವೆನಿಸ್ಸಿನಲ್ಲಿ ಹುಟ್ಟಿದವನು, ಹೆಸರಾಂತ ಚಿತ್ರಕಾರ ಕನಲೆಟ್ಟೊನ ಸೋದರಳಿಯ. ಮಾವನ ಹೆಸರನ್ನೇ ತಾನೂ ಇಟ್ಟುಕೊಂಡಿದ್ದರಿಂದ ಪೋಲೆಂಡಿನಲ್ಲಿ ಇವನೇ ಕನಲೆಟ್ಟೊ. ಡ್ರೆಸ್ಡೆನ್, ವಿಯೆನ್ನಾ, ಮ್ಯೂನಿಕ್ ನಗರಗಳ ಆಸ್ಥಾನಗಳಿಗೆ ಚಿತ್ರ ಬರೆದುಕೊಟ್ಟು 1767ರಲ್ಲಿ ವಾರ್ಸಾಗೆ ಬಂದ. ಪೋಲೆಂಡಿನ ಕೊನೆಯ ರಾಜ ಸ್ಟಾನಿಸ್ವಾವ್ ಆಗಸ್ಟ್ ಪೊನಿಯಾತೊವ್ಸ್ಕಿ ಇವನನ್ನು ಆಸ್ಥಾನ ಚಿತ್ರಕಾರನನ್ನಾಗಿ ಇಟ್ಟುಕೊಂಡ. 1780ರಲ್ಲಿ ಇದೇ ಊರಿನಲ್ಲಿ ತೀರಿಕೊಳ್ಳುವ ತನಕ ಬೆಲ್ಲೊಟ್ಟೊ ವಾರ್ಸಾದ 26 ನೋಟಗಳನ್ನು ಬರೆದ. ಅವುಗಳಲ್ಲಿ 22 ಈ ಕೋಣೆಯಲ್ಲಿವೆ.

ಈತ ಕ್ಯಾಮೆರಾ ಅಬ್ಸ್ಕೂರಾ ಎಂಬ ಸಾಧನ ಬಳಸುತ್ತಿದ್ದ. ಕತ್ತಲೆ ಪೆಟ್ಟಿಗೆಯ ಒಂದು ಸಣ್ಣ ಕಂಡಿಯಿಂದ ಹೊರಗಿನ ಬೀದಿಯ ಬಿಂಬ ಒಳಗೆ ಬೀಳುತ್ತದೆ. ಅದರ ಗೆರೆಗಳನ್ನು ಕಾಗದಕ್ಕೆ ಇಳಿಸಿಕೊಳ್ಳಬಹುದು. ಆದ್ದರಿಂದಲೇ ಅವನ ಚಿತ್ರಗಳಲ್ಲಿ ಕಿಟಕಿ, ಕಂಬ, ಮಾಡು, ಬಾಗಿಲಿನ ಮೇಲಿನ ಅಲಂಕಾರ ಎಲ್ಲವನ್ನೂ ಎಣಿಸಬಹುದು.

ಈ ಚಿತ್ರಗಳ ತಿರುಗಾಟವೇ ಒಂದು ಇತಿಹಾಸ. 1832ರಲ್ಲಿ ರಷ್ಯಾದ ತ್ಸಾರ್ ಇವನ್ನು ತನ್ನ ದೇಶಕ್ಕೆ ಸಾಗಿಸಿದ. 1921ರ ಒಪ್ಪಂದದ ಮೇಲೆ ವಾಪಸು ಬಂದವು. 1939ರಲ್ಲಿ ಜರ್ಮನರು ಹೊತ್ತುಕೊಂಡು ಹೋದರು. ಯುದ್ಧ ಮುಗಿದ ಮೇಲೆ ಮತ್ತೆ ಬಂದವು. ಆಗ ಅವು ಗೋಡೆಗೆ ತೂಗುಹಾಕುವ ಅಂದದ ವಸ್ತುಗಳಷ್ಟೇ ಆಗಿರಲಿಲ್ಲ, ಇಲ್ಲವಾದ ಊರಿಗೆ ಸಾಕ್ಷಿಗಳಾಗಿದ್ದವು.

ಊರು ಇಲ್ಲವಾದದ್ದು ಹೇಗೆ?

ಯುದ್ಧದಲ್ಲಿ ಬಾಂಬು ಬಿದ್ದು ಊರು ಹಾಳಾಯಿತು ಎಂದರೆ ವಾರ್ಸಾದ ಮಟ್ಟಿಗೆ ಅರ್ಧ ಮಾತು ಮಾತ್ರ. ಈ ಊರು ಹಾಳಾದದ್ದು ಮೂರು ಸಲ.

ಮೊದಲನೆಯದು 1939ರ ಸೆಪ್ಟೆಂಬರ್ ದಾಳಿ. ಎರಡನೆಯದು ಯಹೂದಿಗಳ ಘೆಟ್ಟೋ. 1940ರಲ್ಲಿ ನಾಜಿಗಳು ಊರಿನ ಒಂದು ಭಾಗಕ್ಕೆ ಗೋಡೆ ಕಟ್ಟಿ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಒಳಗೆ ಕೂಡಿಹಾಕಿದರು. 1942ರ ಬೇಸಿಗೆಯಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಜನರನ್ನು ರೈಲಿನಲ್ಲಿ ತುಂಬಿಸಿ ಟ್ರೆಬ್ಲಿಂಕಾಕ್ಕೆ ಕಳಿಸಿ ಕೊಂದರು. 1943ರ ಏಪ್ರಿಲ್ 19ರಂದು ಉಳಿದವರು ಆಯುಧ ಹಿಡಿದು ಎದ್ದರು. ಆ ಬಂಡಾಯವನ್ನು ಅಡಗಿಸಿದ ಮೇಲೆ ಇಡೀ ಘೆಟ್ಟೋವನ್ನು ಸುಟ್ಟು, ಸಿಡಿಸಿ ಬಯಲು ಮಾಡಿದರು.

ಮೂರನೆಯದು 1944. ಆಗಸ್ಟ್ 1ರಂದು ಪೋಲಿಷ್ ಭೂಗತ ಸೈನ್ಯ ಇಡೀ ಊರಿನಲ್ಲಿ ದಂಗೆ ಎದ್ದಿತು. 63 ದಿನ ಹೋರಾಟ ನಡೆಯಿತು. ಸತ್ತ ಸಾಮಾನ್ಯ ನಾಗರಿಕರ ಸಂಖ್ಯೆಯೇ ಒಂದೂವರೆ ಲಕ್ಷದಿಂದ ಎರಡು ಲಕ್ಷ. ದಂಗೆ ಸೋತ ಮೇಲೆ ಉಳಿದ ಜನರನ್ನು ಊರಿನಿಂದ ಹೊರಗೆ ಅಟ್ಟಿದರು. ಆಮೇಲೆ ಕಾಳಗವೇ ಇಲ್ಲದ ಹೊತ್ತಿನಲ್ಲಿ, ಬೆಂಕಿ ಹಚ್ಚುವ ತಂಡ ಮತ್ತು ಸಿಡಿಮದ್ದಿನ ತಂಡ ಬೀದಿ ಬೀದಿ ಹಿಡಿದು ಊರನ್ನು ಅಳಿಸುತ್ತಾ ಹೋದವು. ಗ್ರಂಥಾಲಯ, ದಫ್ತರಖಾನೆ, ಚರ್ಚು, ಅರಮನೆ ಯಾವುದನ್ನೂ ಬಿಡಲಿಲ್ಲ. 1945ರ ಜನವರಿ 17ರಂದು ಸೋವಿಯೆತ್ ಮತ್ತು ಪೋಲಿಷ್ ಸೈನ್ಯ ಒಳಗೆ ಬಂದಾಗ ಐತಿಹಾಸಿಕ ವಾರ್ಸಾದ ನೂರಕ್ಕೆ 85 ಪಾಲಿಗಿಂತ ಹೆಚ್ಚು ನಾಶವಾಗಿತ್ತು. ಯುದ್ಧಕ್ಕೆ ಮುಂಚೆ ಅದು 13 ಲಕ್ಷ ಜನರ ಊರು.

ಒಂದು ಜನಾಂಗದ ನೆನಪನ್ನೇ ಅಳಿಸಬೇಕು ಎಂದು ಲೆಕ್ಕ ಹಾಕಿ ಮಾಡಿದ ಕೆಲಸ ಇದು. ಹಾಗಾಗಿಯೇ, ಮತ್ತೆ ಹಾಗೆಯೇ ಕಟ್ಟುತ್ತೇವೆ ಎಂಬ ಹಟ ಪೋಲಿಷ್ ಜನರಿಗೆ ಬರೀ ಮನೆ ಕಟ್ಟುವ ವಿಚಾರ ಆಗಿರಲಿಲ್ಲ.

ಅಡಗಿಸಿಟ್ಟ ಕಾಗದಗಳು

ಗೈಡುಗಳು ಸಾಮಾನ್ಯವಾಗಿ ಹೇಳುವುದು: "ಬೆಲ್ಲೊಟ್ಟೊ ಚಿತ್ರಗಳನ್ನು ನೋಡಿಕೊಂಡು ಈ ಊರನ್ನು ಮತ್ತೆ ಕಟ್ಟಿದರು." ಕೇಳಲು ಚೆನ್ನಾಗಿದೆ, ಅದರಲ್ಲಿ ನಿಜವೂ ಇದೆ. ಆದರೆ ತೈಲಚಿತ್ರ ನೋಡಿ ಮನೆ ಕಟ್ಟಲಾಗುವುದಿಲ್ಲ ಎಂದು ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳಿಯಾನು. ಅಳತೆ ಬೇಕು. ಮೇಲಾಗಿ ಬೆಲ್ಲೊಟ್ಟೊ ಚಿತ್ರಕಾರ. ನೋಟಕ್ಕೆ ಚೆಂದ ಕಾಣಲಿ ಎಂದು ಕೆಲವು ಕಡೆ ಕಟ್ಟಡಗಳ ಅಳತೆಯನ್ನು, ಅಲಂಕಾರವನ್ನು ಅಷ್ಟಿಷ್ಟು ಬದಲಾಯಿಸಿದ್ದೂ ಉಂಟು.

ಅಳತೆ ಎಲ್ಲಿಂದ ಬಂತು ಎಂದರೆ ವಾರ್ಸಾ ಪಾಲಿಟೆಕ್ನಿಕ್ಕಿನಿಂದ. ಯುದ್ಧಕ್ಕೆ ಮುಂಚೆಯೇ ಅಲ್ಲಿನ ಪೋಲಿಷ್ ವಾಸ್ತುಶಿಲ್ಪ ವಿಭಾಗದ ಅಧ್ಯಾಪಕರು, ವಿದ್ಯಾರ್ಥಿಗಳು ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆದಿಟ್ಟಿದ್ದರು. ಆ ವಿಭಾಗವನ್ನು ಕಟ್ಟಿ ಬೆಳೆಸಿದ ಪ್ರೊಫೆಸರ್ ಓಸ್ಕರ್ ಸೊಸ್ನೋವ್ಸ್ಕಿ 1939ರ ಸೆಪ್ಟೆಂಬರಿನಲ್ಲಿ, ಬಾಂಬುಗಳ ನಡುವೆ ಈ ನಕ್ಷೆಗಳನ್ನು ಉಳಿಸಲು ಹೋದಾಗ ಗಾಯಗೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡರು. ಜರ್ಮನ್ ಆಳ್ವಿಕೆಯಲ್ಲೂ ಗುಟ್ಟಾಗಿ ಅಳತೆ, ನಕ್ಷೆ, ಪಾಠ ನಡೆದೇ ಇತ್ತು. 1944ರ ದಂಗೆಯ ನಂತರ ಖಾಲಿ ಊರಿನಿಂದ ಈ ಕಾಗದಗಳನ್ನು ಹೊರಗೆ ಸಾಗಿಸಿ ಪಿಯೊತ್ರ್ಕುಫ್ ಎಂಬ ಊರಿನ ಮಠದಲ್ಲಿ ಅಡಗಿಸಿಟ್ಟರು. ಈ ಕೆಲಸದಲ್ಲಿ ಮುಂದೆ ನಿಂತವರಲ್ಲಿ ವಾಸ್ತುಶಿಲ್ಪಿ ಯಾನ್ ಜಖ್ವಾತೊವಿಚ್ ಒಬ್ಬರು. ಯುದ್ಧದ ನಂತರ ಹಳೇ ಪಟ್ಟಣದ ಮರುನಿರ್ಮಾಣದಲ್ಲೂ ಅವರದೇ ದೊಡ್ಡ ಪಾತ್ರ.

1945ರ ಫೆಬ್ರವರಿಯಲ್ಲೇ ರಾಜಧಾನಿ ಮರುನಿರ್ಮಾಣ ಕಚೇರಿ ಶುರುವಾಯಿತು. ಅಂದರೆ ಯುದ್ಧ ಇನ್ನೂ ಮುಗಿದಿರಲಿಲ್ಲ! ಸುಟ್ಟ ಗೋಡೆ, ನೆಲಮಾಳಿಗೆ, ಕಲ್ಲುಮಣ್ಣಿನ ರಾಶಿ ಎಲ್ಲವನ್ನೂ ಗುರುತು ಮಾಡಿ ಪಟ್ಟಿ ಬರೆದರು. ಆ ಕಚೇರಿಯ ಕಡತಗಳನ್ನು ಯುನೆಸ್ಕೋ 2011ರಲ್ಲಿ ವಿಶ್ವದ ಸ್ಮೃತಿ ಪಟ್ಟಿಗೆ ಸೇರಿಸಿದೆ. ರಾಶಿಯೊಳಗಿಂದ ಕೆತ್ತನೆಯ ಕಲ್ಲುಗಳನ್ನು ಹೆಕ್ಕಿ ತೆಗೆದು ಮತ್ತೆ ಬಳಸಿದರು. ಇಟ್ಟಿಗೆ ಸಾಲದೆ ಬಂದಾಗ ವ್ರೊತ್ಸ್ವಾವ್, ಷ್ಚೆಚಿನ್ ಮುಂತಾದ ಪಶ್ಚಿಮದ ಊರುಗಳಿಂದ ತರಿಸಿದರು. ಅಲ್ಲಿ ರಿಪೇರಿ ಮಾಡಿ ಉಳಿಸಬಹುದಾಗಿದ್ದ ಕಟ್ಟಡಗಳನ್ನೂ ಇಟ್ಟಿಗೆಗಾಗಿ ಒಡೆದದ್ದುಂಟು. ರಾಜಧಾನಿಯ ಹಳೇ ಪಟ್ಟಣ ಎದ್ದು ನಿಲ್ಲಲು ಬೇರೆ ಊರುಗಳ ಹಳೇ ಪಟ್ಟಣಗಳು ಬೆಲೆ ತೆತ್ತವು.

1953ರ ಜುಲೈ 22ರಂದು ಹಳೇ ಪಟ್ಟಣದ ಸಂತೆ ಚೌಕ ಉದ್ಘಾಟನೆಯಾಯಿತು. ಎಂಟು ವರ್ಷದಲ್ಲಿ ಅಷ್ಟು ಕೆಲಸ!

ಇದ್ದ ಹಾಗೆಯೇ ಕಟ್ಟಿದರೇ?

ಈಗ ಆ ಚೌಕಕ್ಕೆ ಬರೋಣ. ನಾಲ್ಕು ಕಡೆ ಹಳದಿ, ಕೆಂಪು, ಹಸಿರು ಬಣ್ಣದ ಕಿರಿದಾದ ಎತ್ತರದ ಮನೆಗಳು, ನಡುವೆ ಕತ್ತಿ ಗುರಾಣಿ ಹಿಡಿದ ಮತ್ಸ್ಯಕನ್ಯೆ. ಅವಳೇ ವಾರ್ಸಾದ ಲಾಂಛನ. ಐಸ್‌ಕ್ರೀಂ ತಿನ್ನುತ್ತಾ ಎಲ್ಲರೂ "ಆಹಾ, ಎಷ್ಟು ಹಳೆಯ ಊರು!" ಎನ್ನುವ ಜಾಗ ಇದು. ಇಲ್ಲಿ ನೀವು ಸ್ವಲ್ಪ ಕಣ್ಣರಳಿಸಿ ನೋಡಬೇಕು.

ಮೊದಲು, ಗೋಡೆಗಳ ಮೇಲಿನ ಚಿತ್ತಾರ. ಹಲವು ಮನೆಗಳ ಮುಂಭಾಗದ ಬಣ್ಣದ ಅಲಂಕಾರ 1950ರ ದಶಕದ ಕಲಾವಿದರ ಸ್ವಂತ ಕೆಲಸ. ಹಳೆಯ ಶೈಲಿಯ ನೆನಪಿನಲ್ಲಿ ಮಾಡಿದ್ದು, ಹಳೆಯದರ ನಕಲಲ್ಲ. ಎರಡನೆಯದು, ಮನೆಗಳ ಹಿಂಭಾಗ. ಯುದ್ಧಕ್ಕೆ ಮುಂಚೆ ಇಲ್ಲಿ ಹಿತ್ತಲಿನಲ್ಲಿ ಮನೆಯ ಬೆನ್ನಿಗೆ ಮನೆ ಒತ್ತಿಕೊಂಡು, ಗಾಳಿ ಬೆಳಕಿಲ್ಲದೆ ಬಡ ಸಂಸಾರಗಳು ತುಂಬಿಕೊಂಡಿದ್ದವು. ನಮ್ಮ ಮುಂಬಯಿಯ ಹಳೆಯ ಚಾಳುಗಳನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಹೊಸದಾಗಿ ಕಟ್ಟುವಾಗ ಆ ಹಿಂದಿನ ಮನೆಗಳನ್ನು ಕಟ್ಟಲಿಲ್ಲ. ಜಾಗ ಬಿಟ್ಟು, ಗಿಡ ನೆಟ್ಟು, ಒಳಗೆ ಆ ಕಾಲದ ಆಧುನಿಕ ಫ್ಲಾಟುಗಳನ್ನು ಮಾಡಿದರು. ಹೊರಗೆ ಹಳೆಯ ಮುಖ, ಒಳಗೆ ಹೊಸ ಸಂಸಾರ. ವಾಸಕ್ಕೆ ಇದು ಒಳ್ಳೆಯದೇ ಆಯಿತು. ಆದರೆ ಹಳೆಯ ವಾರ್ಸಾದ ಬಡತನ ಮಾತ್ರ ಈ ಹೊಸ ಹಳೇ ಪಟ್ಟಣದಲ್ಲಿ ಕಾಣಿಸುವುದಿಲ್ಲ.

ಮೂರನೆಯದು, ಚೌಕದ ಹತ್ತಿರದ ಸಂತ ಯೋಹಾನರ ಪ್ರಧಾನ ಚರ್ಚು. ಯುದ್ಧಕ್ಕೆ ಮುಂಚೆ ಅದಕ್ಕೆ 19ನೇ ಶತಮಾನದಲ್ಲಿ ಕೊಟ್ಟ ಇಂಗ್ಲಿಷ್ ಗಾಥಿಕ್ ಮಾದರಿಯ ಮುಖವಿತ್ತು. ಜಖ್ವಾತೊವಿಚ್ ಅದನ್ನು ಮತ್ತೆ ಕಟ್ಟಲಿಲ್ಲ. ಮಧ್ಯಯುಗದಲ್ಲಿ ಈ ಪ್ರಾಂತ್ಯದ ಚರ್ಚುಗಳು ಹೇಗಿರುತ್ತಿದ್ದವೋ ಆ ಮಾದರಿಯಲ್ಲಿ ಸರಳವಾದ ಇಟ್ಟಿಗೆಯ ಮುಖ ಕೊಟ್ಟರು. 1939ರಲ್ಲಿ ಸಾಯುವ ಮುಂಚೆ ಈ ಚರ್ಚನ್ನು ನೋಡಿದ್ದ ಒಬ್ಬ ಅಜ್ಜ ಎದ್ದು ಬಂದರೆ ಗುರುತು ಹಿಡಿಯಲಾರ! ಅದರ ಪಕ್ಕದ ಗೋಡೆಯಲ್ಲಿ 1944ರ ಯುದ್ಧವಾಹನದ ಸರಪಳಿಯ ತುಂಡನ್ನು ಹುದುಗಿಸಿದ್ದಾರೆ, ಅದನ್ನೂ ನೋಡಿ.

ಇಲ್ಲಿಂದ ಹಳೆಯ ರಾಜಬೀದಿಯಲ್ಲಿ ನಡೆದರೆ ಅಲ್ಲಲ್ಲಿ ಬೆಲ್ಲೊಟ್ಟೊ ಚಿತ್ರಗಳ ಪ್ರತಿಗಳನ್ನು ಫಲಕದಂತೆ ನಿಲ್ಲಿಸಿರುವುದು ಕಾಣುತ್ತದೆ. ಚಿತ್ರ ನೋಡಿ, ತಲೆಯೆತ್ತಿ ಎದುರಿನ ಕಟ್ಟಡ ನೋಡಿ, ಹೋಲಿಸಬಹುದು. ಕೆಲವು ಕಟ್ಟಡಗಳು ಚಿತ್ರಕ್ಕೆ ತಕ್ಕ ಹಾಗೆಯೇ ಇವೆ. ಮಿಯೋದೊವಾ ಬೀದಿಯ ಬ್ರಾನಿತ್ಸ್ಕಿ ಅರಮನೆ ಇದಕ್ಕೆ ಉದಾಹರಣೆ. ಅದನ್ನು 1939ರಲ್ಲಿ ಇದ್ದಂತೆ ಕಟ್ಟದೆ, ಬೆಲ್ಲೊಟ್ಟೊ ಕಂಡಂತೆ 18ನೇ ಶತಮಾನದ ರೂಪಕ್ಕೆ ತಂದರು.

ಹಾಗಾದರೆ ನಡುವಿನ ನೂರೈವತ್ತು ವರ್ಷ ಎಲ್ಲಿ ಹೋಯಿತು? ಮೊದಲೇ ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಮಾತು ಈಗ ಬೇಕು. 19ನೇ ಶತಮಾನ ಎಂದರೆ ಪರರ ಆಳ್ವಿಕೆ, ತ್ಸಾರನ ಕಾಲ. ಸ್ಟಾನಿಸ್ವಾವ್ ಆಗಸ್ಟನ ಕಾಲ ಎಂದರೆ ಸ್ವತಂತ್ರ ಪೋಲೆಂಡಿನ ಕೊನೆಯ ಬೆಳಕು. ದೇಶಾಭಿಮಾನಿಗಳಿಗೆ ಬೇಕಾದದ್ದು ಆ ಬೆಳಕು. ಇನ್ನು 1945ರ ನಂತರ ಬಂದ ಕಮ್ಯುನಿಸ್ಟ್ ಸರ್ಕಾರಕ್ಕೂ 19ನೇ ಶತಮಾನದ ಬಾಡಿಗೆ ಮನೆಗಳ ಮೇಲೆ ಪ್ರೀತಿಯಿರಲಿಲ್ಲ. ಅವು ಬಂಡವಾಳಗಾರರ ಕಟ್ಟಡಗಳು. ಇಬ್ಬರ ಕಾರಣ ಬೇರೆ, ಫಲ ಒಂದೇ. ಬೆಂಕಿಯಿಂದ ಬದುಕಿ ನಿಂತಿದ್ದ ಅಂಥ ಹಲವು ಕಟ್ಟಡಗಳು ಯುದ್ಧ ಮುಗಿದ ಮೇಲೆ ನೆಲಕ್ಕೆ ಬಿದ್ದವು.

ಇನ್ನೊಂದು ಮಾತು. 1945ರ ಅಕ್ಟೋಬರಿನಲ್ಲಿ ಸರ್ಕಾರ ಒಂದು ಆಜ್ಞೆ ಹೊರಡಿಸಿ ನಗರದ ಭೂಮಿಯನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡಿತು. ಅದಿಲ್ಲದಿದ್ದರೆ ಇಷ್ಟು ಬೇಗ, ಒಂದೇ ಯೋಜನೆಯಲ್ಲಿ ಊರು ಕಟ್ಟಲು ಆಗುತ್ತಿರಲಿಲ್ಲ ಎನ್ನುವವರಿದ್ದಾರೆ. ಆದರೆ ಮಾಲೀಕರಲ್ಲಿ ಹೆಚ್ಚಿನವರಿಗೆ ಪರಿಹಾರ ಸಿಗಲಿಲ್ಲ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ ಆ ಜಾಗಗಳ ತಕರಾರು ಮತ್ತೆ ಎದ್ದಿತು. 2016ರಲ್ಲಿ ಅದು ದೊಡ್ಡ ಹಗರಣವಾಯಿತು. ಚಂದದ ಮನೆಯ ಮುಂದೆ ಫೋಟೋ ತೆಗೆಸಿಕೊಳ್ಳುವಾಗ, ಈ ಮನೆಯಲ್ಲಿ ಮೊದಲು ಇದ್ದವರು ಯಾರು ಎಂದು ಒಮ್ಮೆ ಯೋಚಿಸುವುದು ತಪ್ಪಲ್ಲ.

ಕಟ್ಟದೇ ಬಿಟ್ಟ ಊರು

ಹಳೇ ಪಟ್ಟಣದಿಂದ ಪಶ್ಚಿಮಕ್ಕೆ ನಡೆದುಕೊಂಡೇ ಹೋಗಬಹುದಾದ ದೂರದಲ್ಲಿ ಮುರಾನುಫ್ ಎಂಬ ಬಡಾವಣೆಯಿದೆ. ಕೆಲವು ಟೂರುಗಳು ಇಲ್ಲಿಗೆ ಹೋಗುವುದೇ ಇಲ್ಲ. ದಯವಿಟ್ಟು ಕೇಳಿ, ಕರೆದುಕೊಂಡು ಹೋಗಲಿ.

ಯುದ್ಧಕ್ಕೆ ಮುಂಚೆ ವಾರ್ಸಾದಲ್ಲಿ ಪ್ರತಿ ಹತ್ತು ಜನರಲ್ಲಿ ಸುಮಾರು ಮೂವರು ಯಹೂದಿಗಳು. ಅವರ ಅಂಗಡಿ ಬೀದಿ, ಶಾಲೆ, ಮುದ್ರಣಾಲಯ, ನಾಟಕ ಎಲ್ಲದರ ನಡುಭಾಗ ಇದೇ ಕಡೆ. ಘೆಟ್ಟೋ ಆದದ್ದೂ ಇಲ್ಲೇ. 1943ರ ನಂತರ ಇಲ್ಲಿ ಉಳಿದದ್ದು ಕಲ್ಲುಮಣ್ಣಿನ ಸಾಗರ. ಅದನ್ನು ಸಾಗಿಸುವುದು ಅಸಾಧ್ಯವಾದ್ದರಿಂದ ವಾಸ್ತುಶಿಲ್ಪಿ ಬೊಹ್ದಾನ್ ಲಾಖೆರ್ತ್ ಆ ರಾಶಿಯ ಮೇಲೆಯೇ ಹೊಸ ಬಡಾವಣೆ ಕಟ್ಟಿದರು. ಮನೆಯ ಬ್ಲಾಕುಗಳನ್ನೂ ಅದೇ ಪುಡಿಯಾದ ಇಟ್ಟಿಗೆಯಿಂದ ಮಾಡಿದರು. ಕೆಲವು ಕಟ್ಟಡಗಳು ದಿಬ್ಬದ ಮೇಲೆ ನಿಂತಂತೆ ಕಾಣುತ್ತವೆ, ಮೆಟ್ಟಿಲು ಹತ್ತಿ ಹೋಗಬೇಕು. ಆ ದಿಬ್ಬ ಮಣ್ಣಿನದಲ್ಲ, ಒಂದು ಕಾಲದ ಮನೆಗಳದು.

ಇಲ್ಲಿ ಯಾರೂ ಹಳೆಯ ಬೀದಿಗಳನ್ನು ಇದ್ದ ಹಾಗೆ ಮತ್ತೆ ಕಟ್ಟಲಿಲ್ಲ. ಕಟ್ಟಿದ್ದರೆ ವಾಸಕ್ಕೆ ಬರುವವರೇ ಇರಲಿಲ್ಲ. 1878ರಲ್ಲಿ ತೆರೆದ ದೊಡ್ಡ ಸಿನಗಾಗನ್ನು ಜರ್ಮನರು 1943ರ ಮೇ 16ರಂದು ಸಿಡಿಸಿದರು. ಇಂದು ಅದರ ಜಾಗದಲ್ಲಿ ನಿಂತಿರುವುದು ಗಾಜಿನ ಕಚೇರಿ ಕಟ್ಟಡ. ಆದರೆ ಅದರ ಪಕ್ಕದ ಗ್ರಂಥಾಲಯದ ಕಟ್ಟಡ ಉಳಿದುಕೊಂಡಿತು. ಈಗ ಅದು ಯಹೂದಿ ಇತಿಹಾಸ ಸಂಸ್ಥೆ. ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಮತ್ತು ಗೆಳೆಯರು ಘೆಟ್ಟೋದೊಳಗೆ ಗುಟ್ಟಾಗಿ ಕಲೆಹಾಕಿದ ದಾಖಲೆಗಳು ಇಲ್ಲಿವೆ. ದಿನಚರಿ, ಪತ್ರ, ಮಕ್ಕಳ ಬರಹ, ಪೋಸ್ಟರು, ಮಿಠಾಯಿ ಕಾಗದ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಡಿ ಹೂತಿದ್ದರು. ಒಂದು ಭಾಗ 1946ರಲ್ಲಿ, ಇನ್ನೊಂದು 1950ರಲ್ಲಿ ಸಿಕ್ಕಿತು. ರಿಂಗೆಲ್‌ಬ್ಲುಮ್ ಮಾತ್ರ 1944ರಲ್ಲೇ ಕೊಲೆಯಾಗಿದ್ದರು.

ಕೇಳುಗ ಮಿತ್ರರೇ, ಈ ಎರಡು ಕಾಗದದ ಕಟ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಠದಲ್ಲಿ ಅಡಗಿಸಿಟ್ಟ ನಕ್ಷೆಗಳಿಂದ ಒಂದು ಹಳೇ ಪಟ್ಟಣ ಎದ್ದು ಬಂತು. ಹಾಲಿನ ಕ್ಯಾನಿನಲ್ಲಿ ಹೂತಿಟ್ಟ ಕಾಗದಗಳಿಂದ ಬೀದಿಯಾಗಲಿ ಮನೆಯಾಗಲಿ ಏಳಲಿಲ್ಲ. ಆದರೆ ಅಲ್ಲಿ ಇದ್ದವರ ಹೆಸರು, ಅವರು ಬದುಕಿದ ಬಗೆ, ಸತ್ತ ಬಗೆ ಉಳಿಯಿತು. ವಾರ್ಸಾವನ್ನು ಅರ್ಥಮಾಡಿಕೊಳ್ಳಬೇಕಾದರೆ ಎರಡನ್ನೂ ನೋಡಬೇಕು.

ಬಡಾವಣೆಯ ನಡುವೆ 1948ರಲ್ಲಿ ನಿಲ್ಲಿಸಿದ ಘೆಟ್ಟೋ ವೀರರ ಸ್ಮಾರಕವಿದೆ, ಶಿಲ್ಪಿ ನಾಥನ್ ರಾಪೊಪೊರ್ಟ್. 1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲ್ಲಿ ಬ್ರಾಂಟ್ ಮಂಡಿಯೂರಿದ್ದು ಇದರ ಮುಂದೆಯೇ. ಎದುರಿಗೆ ಪೊಲಿನ್ ವಸ್ತುಸಂಗ್ರಹಾಲಯ. ಫಿನ್ಲೆಂಡಿನ ವಾಸ್ತುಶಿಲ್ಪಿ ರೈನರ್ ಮಹ್ಲಮ್ಯಾಕಿ ಕಟ್ಟಿದ ಗಾಜಿನ ಪೆಟ್ಟಿಗೆಯಂಥ ಈ ಕಟ್ಟಡ 2013ರಲ್ಲಿ ತೆರೆಯಿತು. ಹೊರಗೆ ಚೌಕಾಕಾರ, ಒಳಗೆ ಕಾಲಿಟ್ಟರೆ ಅಲೆಅಲೆಯಾಗಿ ಬಾಗಿದ ಎರಡು ದೊಡ್ಡ ಗೋಡೆಗಳ ನಡುವೆ ಬಿರುಕಿನಂಥ ದಾರಿ. ಇಲ್ಲಿ ಹೇಳುವುದು ಪೋಲೆಂಡಿನ ಯಹೂದಿಗಳ ಸಾವಿನ ಕಥೆಯನ್ನಷ್ಟೇ ಅಲ್ಲ, ಸಾವಿರ ವರ್ಷ ಅವರು ಇಲ್ಲಿ ಬದುಕಿದ ಕಥೆಯನ್ನು.

ದಾರಿಯಲ್ಲಿ ಕಾಲ ಕೆಳಗೂ ನೋಡಿ. ಘೆಟ್ಟೋ ಗೋಡೆ ಹಾದುಹೋಗಿದ್ದ ಕಡೆ ಫುಟ್‌ಪಾತಿನಲ್ಲಿ ಎರಕದ ಕಬ್ಬಿಣದ ಪಟ್ಟಿ ಹಾಕಿದ್ದಾರೆ. ಜನ ಅದರ ಮೇಲೆಯೇ ಕಾಲಿಟ್ಟು ಬಸ್ಸು ಹಿಡಿಯಲು ಓಡುತ್ತಿರುತ್ತಾರೆ.

ಬೇಡವಾದ ಉಡುಗೊರೆ

ಇನ್ನು ಊರಿನ ಎಲ್ಲ ಕಡೆಯಿಂದಲೂ ಕಾಣುವ ಕಟ್ಟಡ, ಸಂಸ್ಕೃತಿ ಮತ್ತು ವಿಜ್ಞಾನ ಅರಮನೆ. ಸೋವಿಯೆತ್ ಒಕ್ಕೂಟ ಕೊಟ್ಟ ಉಡುಗೊರೆ ಇದು. ವಾಸ್ತುಶಿಲ್ಪಿ ಲೆವ್ ರುದ್ನೆವ್, ಕಾಲ 1952ರಿಂದ 1955, ಎತ್ತರ 237 ಮೀಟರ್. ಪೋಲಿಷ್ ಕಳೆ ಬರಲಿ ಎಂದು ರುದ್ನೆವ್ ಮತ್ತು ಅವರ ತಂಡ ಪೋಲೆಂಡಿನ ಹಳೆಯ ಊರುಗಳನ್ನೆಲ್ಲ ಸುತ್ತಿ, ಅಲ್ಲಿನ ಮನೆಗಳ ತಲೆಯ ಮೇಲಿನ ಕಿರೀಟದಂಥ ಅಲಂಕಾರವನ್ನು ಈ ಸ್ಟಾಲಿನ್ ಕಾಲದ ಗೋಪುರಕ್ಕೂ ಹಚ್ಚಿದರು!

ವಾರ್ಸಾ ಜನ ಇದನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಪರಾಧೀನತೆಯ ಗುರುತು, ಕೆಡವಿಬಿಡಿ ಎಂಬ ಕೂಗು 1989ರ ನಂತರ ಹಲವು ಸಲ ಎದ್ದಿದೆ. ಆದರೂ 2007ರಲ್ಲಿ ಇದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಲಾಯಿತು. 30ನೇ ಮಹಡಿಯ ಜಗಲಿಗೆ ಲಿಫ್ಟಿನಲ್ಲಿ ಹೋಗಿ ನಿಂತರೆ ಇಡೀ ಊರು ಕಾಣುತ್ತದೆ. ಹತ್ತಿರದಲ್ಲೇ 2022ರಲ್ಲಿ ಪೂರ್ಣಗೊಂಡ 310 ಮೀಟರಿನ ವಾರ್ಸೋ ಗೋಪುರ ಈಗ ಇದನ್ನೂ ಮೀರಿಸಿದೆ.

ಯಾವುದನ್ನು ಮತ್ತೆ ಕಟ್ಟಬೇಕು ಎಂಬ ವಾದವೂ ಮುಗಿದಿಲ್ಲ. 1944ರಲ್ಲಿ ಸಿಡಿಸಿದ ಸ್ಯಾಕ್ಸನ್ ಅರಮನೆಯಲ್ಲಿ ಉಳಿದದ್ದು ಕೆಲವೇ ಕಮಾನು. ಅದರಡಿ ಅಜ್ಞಾತ ಸೈನಿಕನ ಸಮಾಧಿಯಿದೆ. ಆ ಅರಮನೆಯನ್ನು ಪೂರ್ತಿಯಾಗಿ ಮತ್ತೆ ಕಟ್ಟಬೇಕೆಂದು 2021ರಲ್ಲಿ ಕಾನೂನು ಮಾಡಿದರು. ಮುರಿದ ಕಮಾನು ಹಾಗೆಯೇ ಇದ್ದರೆ ಹೆಚ್ಚು ಮಾತಾಡುತ್ತದೆ ಎನ್ನುವವರೂ ಆ ಊರಿನಲ್ಲಿದ್ದಾರೆ.

ನಮ್ಮ ಕಡೆಯ ಒಂದು ಕೊಂಡಿ

ಇಷ್ಟು ದೂರದ ಊರಿಗೂ ನಮಗೂ ಏನು ಸಂಬಂಧ ಎನ್ನಬೇಡಿ. ಬೆಳಗಾವಿಯಿಂದ ಪುಣೆಗೆ ಹೋಗುವ ದಾರಿಯಲ್ಲಿ ಸಿಗುವ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರ ಬಿಡಾರವಿತ್ತು. ಹೆಚ್ಚಿನವರು ಹೆಂಗಸರು, ಮಕ್ಕಳು. ಪೋಲೆಂಡಿನ ಪೂರ್ವ ಭಾಗದಿಂದ ಸೋವಿಯೆತ್ ಆಡಳಿತ ಸೈಬೀರಿಯಾ ಮುಂತಾದ ಕಡೆಗೆ ಗಡೀಪಾರು ಮಾಡಿದ್ದ ಕುಟುಂಬಗಳವರು. ಗುಜರಾತಿನ ಜಾಮ್‌ನಗರದ ಬಳಿಯ ಬಾಲಾಚಡಿಯಲ್ಲಿ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ 1942ರಲ್ಲಿ ಪೋಲಿಷ್ ಮಕ್ಕಳಿಗೆ ಆಶ್ರಯ ಕೊಟ್ಟರು. ವಾರ್ಸಾದಲ್ಲಿ ಈಗ "ಒಳ್ಳೆಯ ಮಹಾರಾಜರ ಚೌಕ" ಎಂಬ ಜಾಗವೇ ಇದೆ. ಕೊಲ್ಹಾಪುರದ ಜನರಿಗೆ ಕೃತಜ್ಞತೆ ಹೇಳುವ ಸ್ಮಾರಕವೂ ಇದೆ. 2024ರ ಆಗಸ್ಟಿನಲ್ಲಿ ನಮ್ಮ ಪ್ರಧಾನಿ ಅಲ್ಲಿಗೆ ಹೋದಾಗ ಎರಡೂ ಕಡೆ ಹೂವಿಟ್ಟು ಬಂದರು. ಟೂರಿನ ಪಟ್ಟಿಯಲ್ಲಿ ಇವು ಇಲ್ಲದಿದ್ದರೆ ನಾವು ಕೇಳಿ ಸೇರಿಸಿಕೊಳ್ಳಬೇಕು.

ಹೊರಡುವ ಮುಂಚೆ

ವಾರ್ಸಾದ ಹಳೇ ಪಟ್ಟಣ ನಕಲು ಎಂದು ಮೂಗು ಮುರಿಯುವವರನ್ನು ಕಾಣಬಹುದು. ಅವರ ಮಾತು ಸರಿಯಲ್ಲ. ಅಳಿಸಬೇಕೆಂದು ಹೊರಟವರಿಗೆ ಒಂದು ಜನತೆ ಇಟ್ಟಿಗೆಯಲ್ಲಿ ಕೊಟ್ಟ ಉತ್ತರ ಅದು. ಆ ಉತ್ತರವೇ ಇವತ್ತಿನ ಪರಂಪರೆ. ಯುನೆಸ್ಕೋ ಮನ್ನಣೆ ಕೊಟ್ಟದ್ದೂ ಅದಕ್ಕೇ. ಎಲ್ಲವೂ ಇದ್ದ ಹಾಗೆಯೇ ಬಂತು ಎಂದು ನಂಬಿಬಿಡುವುದೂ ಅಷ್ಟೇ ತಪ್ಪು. ಯಾವ ಶತಮಾನ ಬೇಕು, ಯಾರ ಬೀದಿ ಬೇಕು ಎಂದು ಅಲ್ಲಿ ಮನುಷ್ಯರು ಆರಿಸಿಕೊಂಡರು. ಆರಿಸಿದ್ದು ಕಣ್ಣಿಗೆ ಕಾಣುತ್ತದೆ. ಬಿಟ್ಟದ್ದನ್ನು ಕೇಳಿ ತಿಳಿಯಬೇಕು.

ಆದ್ದರಿಂದ ಹೋಗುವವರಿಗೆ ಕೆಲವು ಸಣ್ಣ ಸಲಹೆ. ಅರಮನೆಯಲ್ಲಿ ಬೆಲ್ಲೊಟ್ಟೊ ಕೋಣೆಗೆ ಸಮಯ ಕೇಳಿ. ಸೋಮವಾರ ಅನೇಕ ವಸ್ತುಸಂಗ್ರಹಾಲಯಗಳಿಗೆ ರಜೆ ಇರುವುದರಿಂದ ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಮಧ್ಯಾಹ್ನದ ಶಾಪಿಂಗಿನ ಎರಡು ಗಂಟೆಯಲ್ಲಿ ಒಂದನ್ನು ಮುರಾನುಫ್‌ಗೆ ಕೊಡಿ. ಚೆಂದದ ಕಟ್ಟಡ ತೋರಿಸಿ ಗೈಡ್ "ಇದು ಹಿಂದೆ ಹೇಗಿತ್ತೋ ಹಾಗೆಯೇ ಇದೆ" ಎಂದಾಗ, ವಿನಯವಾಗಿಯೇ ಒಂದು ಪ್ರಶ್ನೆ ಕೇಳಿ: "ಯಾವ ಹಿಂದೆ?" ಒಳ್ಳೆಯ ಗೈಡ್ ಆದರೆ ಅಲ್ಲಿಂದ ಅವರ ಕಥೆ ನಿಜವಾಗಿ ಶುರುವಾಗುತ್ತದೆ.

ಹೋಗಿ ಬನ್ನಿ. ಪ್ರಯಾಣ ಸುಖಕರವಾಗಲಿ.